ಹಾಡಿದಾಕೆಯ ಹೆಸರು

ಈ ಸಂಚಿಕೆಗೆಂದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಂದ ಅವರವರ ಮೆಚ್ಚಿನ ಹಾಡುಗಳ ಪಟ್ಟಿಯನ್ನು ವಿಭಾಗವು ಕೇಳಿತ್ತು. ಬಂದ ಪಟ್ಟಿಗಳು ಸಂತೋಷ ಕೊಡುವಂಥವೇ. ಸಿನಿಮಾ ಹಾಡುಗಳ ಜೊತೆಗೆ, ಸಿನಿಮಾದ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವ ತಂಡಗಳ ಹೆಸರುಗಳೂ ಅಲ್ಲಿದ್ದವು. ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿನೊಡನೆ ಹಾಡಿದ ರಘು ದೀಕ್ಷಿತ್, ಬೆಂಗಳೂರಿನ ಸ್ವರಾತ್ಮ ತಂಡ ಮೊದಲಾದವರನ್ನು ಗೋರಂಟ್ಲ, ಹಿಂದೂಪುರ, ಮಡಕಶಿರಾ ಕಡೆಯಿಂದ ಬರುವ ನೀವು ತೆಲುಗು ಹಾಡುಗಳಷ್ಟೇ ಸಲೀಸಾಗಿ ಗುನುಗುತ್ತೀರಿ. ಇಂಥ ಸಂಗೀತಕ್ಕೆ ‘ಇಂಡಿ’ ಎಂಬ ಹೆಸರಿದೆಯೆಂದೂ, ಕಂಪನಿಯ ಅಥವಾ ಚಿತ್ರೋದ್ಯಮದ ಆಸರೆಯಿಲ್ಲದ ಸ್ವತಂತ್ರ ಸಂಗೀತವೆಂಬುದೇ ಅದರ ಅರ್ಥವೆಂದೂ ನಿಮ್ಮಲ್ಲೊಬ್ಬರು ಟಿಪ್ಪಣಿಯನ್ನೂ ಬರೆದಿದ್ದರು. ಒಳ್ಳೆಯ ಟಿಪ್ಪಣಿ.

ಆದರೆ ಪಟ್ಟಿಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಹೆಣ್ಣುಧ್ವನಿಯ ಹಾಡುಗಳು ಅಲ್ಲಿ ಇಲ್ಲವೆಂದಲ್ಲ. ಹಾಡಿದ ಹೆಣ್ಣಿನ ಹೆಸರು ಇಲ್ಲ. ಗಂಡಸರು ಹಾಡಿದ ಹಾಡಿನ ಎದುರು ಗಾಯಕನ ಹೆಸರಿದೆ. ಹೆಂಗಸರು ಹಾಡಿದ್ದರ ಎದುರು ಸಿನಿಮಾದ ಹೆಸರು, ಕವಿಯ ಹೆಸರು, ತಂಡದ ಹೆಸರು, ಇಲ್ಲವೇ ‘ಜಾನಪದ’ ಎಂಬ ಒಂದೇ ಮಾತು. ಇದು ನಿಮ್ಮ ಉದಾಸೀನದಿಂದ ಆದದ್ದೆಂದು ನಾನು ಹೇಳುವುದಿಲ್ಲ. ಕನ್ನಡದ ಓದು, ಪಠ್ಯಪುಸ್ತಕ, ರೇಡಿಯೋ, ಈಗಿನ ಮೊಬೈಲು ಇವೆಲ್ಲವೂ ನಿಮಗೆ ಹಾಡನ್ನು ಕೊಟ್ಟಿರುವ ರೀತಿಯೇ ಹಾಗಿದೆ. ಹೆಣ್ಣಿನ ಸಂಗೀತವು ಮರೆವಿಗೆ ಸಲ್ಲುವುದು ಅದು ಕೇಳಿಸದೆ ಹೋದಾಗ ಮಾತ್ರವಲ್ಲ. ಚೆನ್ನಾಗಿ ಕೇಳಿಸುತ್ತಿರುವಾಗಲೂ ಅದು ಬೇರೆಯವರ ಹೆಸರಿನಲ್ಲಿ ದಾಖಲಾಗುತ್ತದೆ. ಇದು ನನ್ನ ಅಭಿಪ್ರಾಯ. ನನಗೆ ಪ್ರಿಯರಾದ ಕೆಲವು ಗಾಯಕಿಯರನ್ನು ನಿಮಗೆ ಪರಿಚಯಿಸುತ್ತ ಈ ಮಾತನ್ನು ವಿವರಿಸಲು ಯತ್ನಿಸುತ್ತೇನೆ.

‘ಅಂಕಿತ’ ಎಂದರೇನು ಎಂಬುದು ನಿಮಗೆ ಗೊತ್ತು. ವಚನದ ಕೊನೆಯಲ್ಲಿ ‘ಚೆನ್ನಮಲ್ಲಿಕಾರ್ಜುನ’ ಎಂದು ಬಂದರೆ ಅದು ಅಕ್ಕನ ವಚನವೆಂದು ಗುರುತಿಸುತ್ತೇವೆ. ಹೆಳವನಕಟ್ಟೆ ಗಿರಿಯಮ್ಮನ ಕೀರ್ತನೆಗಳು ಹೆಳವನಕಟ್ಟೆಯ ರಂಗನ ಅಂಕಿತದಿಂದ ಉಳಿದುಕೊಂಡವು. ಬಾಯಿಂದ ಬಾಯಿಗೆ ಸಾಗುವ ಹಾಡಿಗೆ ಒಡತಿಯ ಗುರುತನ್ನು ಒಳಗೇ ಹೊಲಿದಿಡುವ ಉಪಾಯವದು. ಸುಮಾರು 120 ವರ್ಷಗಳ ಹಿಂದೆ ಈ ಅಂಕಿತದ ಉಪಾಯವು ಯಂತ್ರದಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು. 1902ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಧ್ವನಿಮುದ್ರಣ ನಡೆಸಿದಾಗ ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬರು. ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಬೇಕಾಗಿತ್ತು. ವ್ಯವಹಾರದ ಅನುಕೂಲಕ್ಕೆಂದು ಹೇಳಿದ ಆ ಮಾತು ಇಂದು ಕೇಳುವ ನಮಗೆ ಬೇರೆ ಧ್ವನಿಯನ್ನೇ ಹೊರಡಿಸುತ್ತದೆ. ಈ ಹಾಡು ನನ್ನದು, ಬೇರೆ ಯಾರ ಹೆಸರನ್ನೂ ಇದಕ್ಕೆ ಅಂಟಿಸಬೇಡಿ ಎಂಬಂತೆ ಅದು ಕೇಳಿಸುತ್ತದೆ. ಭಾರತದ ಧ್ವನಿಮುದ್ರಣದ ಮೊದಲ ದೊಡ್ಡ ತಾರೆಯಾದ ಈ ಕಲಾವಿದೆ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ಶೈಕ್ಷಣಿಕ ಪ್ರವಾಸಗಳು ಮೈಸೂರು ಅರಮನೆಯನ್ನು ತಪ್ಪಿಸುವುದಿಲ್ಲ. ಆದರೆ ಅಲ್ಲಿ ಈ ಹೆಸರನ್ನು ನೆನೆಯುವವರು ವಿರಳ.

ಹೆಸರು ಕಳಚಿ ಬೀಳುವ ಜಾಗಗಳು ಮುಖ್ಯವಾಗಿ ಮೂರು ಎಂದು ನನಗೆ ತೋರುತ್ತದೆ.

ಮೊದಲನೆಯದು, ಪ್ರಸಿದ್ಧ ಪುರುಷನ ನೆರಳು. ವಿಜಾಪುರ ಸೀಮೆಯ ಬೀಳಗಿಯಿಂದ ಹೊರಟ ಇಬ್ಬರು ಅಕ್ಕತಂಗಿಯರನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಅವರು ಗೋಹರಬಾಯಿ ಮತ್ತು ಅಮೀರಬಾಯಿ. ಇಬ್ಬರಿಗೂ ‘ಕರ್ನಾಟಕಿ’ ಎಂಬುದೇ ಉಪನಾಮ. ನಾನು ಓದಿದ್ದು ಭೀಮಾನದಿಯ ಆಚೆ, ಕನ್ನಡ ಮರಾಠಿಗಳೆರಡರಲ್ಲೂ ಪಾಠ ನಡೆಯುತ್ತಿದ್ದ ಶಾಲೆಯಲ್ಲಿ. ಆ ಕಡೆ ಬಾಲಗಂಧರ್ವರ ಹೆಸರು ಕೇಳದ ಮನೆಯಿಲ್ಲ. ಗಂಡಾಗಿದ್ದು ಹೆಣ್ಣುಪಾತ್ರಗಳನ್ನು ಆಡಿ, ಹಾಡಿ, ಮರಾಠಿ ರಂಗಭೂಮಿಯ ಕಣ್ಮಣಿಯಾದವರು ಅವರು. ಅವರ ನಾಟಕ ಮಂಡಳಿಯನ್ನು ಸೇರಿ ಸ್ತ್ರೀಪಾತ್ರಗಳನ್ನು ನಿರ್ವಹಿಸಿದ ಗೋಹರಬಾಯಿ ಮುಂದೆ ಅವರ ಬಾಳಸಂಗಾತಿಯೂ ಆದರು. ಹೆಣ್ಣಿನಂತೆ ಹಾಡಿದ ಗಂಡಿಗೆ ‘ಗಂಧರ್ವ’ ಪದವಿ ದೊರೆಯಿತು. ಅದೇ ರಂಗದ ಮೇಲೆ ಹೆಣ್ಣಾಗಿ ಹಾಡಿದವಳು ಆತನ ಜೀವನಚರಿತ್ರೆಯ ಒಂದು ಅಧ್ಯಾಯವಾಗಿ, ಅದೂ ಹೆಚ್ಚಾಗಿ ಅಪವಾದದ ಅಧ್ಯಾಯವಾಗಿ ಉಳಿದಳು. ಬಾಲಗಂಧರ್ವರ ಹಿರಿಮೆಯನ್ನು ಕಡಿಮೆ ಮಾಡಲು ನಾನಿದನ್ನು ಹೇಳುತ್ತಿಲ್ಲ. ಅವರ ಹಾಡುಗಳನ್ನು ಇಂದಿಗೂ ಕಿವಿಗೊಟ್ಟು ಕೇಳುವವರಲ್ಲಿ ನಾನೂ ಒಬ್ಬ. ಆದರೆ ಒಬ್ಬರ ಬೆಳಕಿನಲ್ಲಿ ಇನ್ನೊಬ್ಬರ ಮುಖ ಕಾಣದೆ ಹೋಗಬೇಕಾದ ಅಗತ್ಯವಿಲ್ಲ.

ಅಮೀರಬಾಯಿಯವರ ಕಥೆ ಎರಡನೆಯ ಜಾಗಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಅದು ಭಾಷೆಯ ಗಡಿ. ಅಮೀರಬಾಯಿ ಮುಂಬಯಿಗೆ ಹೋಗಿ ಹಿಂದಿ ಚಿತ್ರರಂಗದಲ್ಲಿ ಹಾಡುಗಾರ್ತಿಯಾಗಿಯೂ ನಟಿಯಾಗಿಯೂ ಹೆಸರಾದರು. 1943ರಲ್ಲಿ ಬಂದು ವರ್ಷಗಟ್ಟಲೆ ಓಡಿದ ‘ಕಿಸ್ಮತ್’ ಚಿತ್ರದ ಹಾಡುಗಳಲ್ಲಿ ಅವರ ಧ್ವನಿಯಿದೆ. ಲತಾ ಮಂಗೇಶಕರರ ಕಾಲಕ್ಕೆ ಮುಂಚಿನ ಹಿಂದಿ ಹಾಡಿನ ಮುಖ್ಯ ಧ್ವನಿಗಳಲ್ಲಿ ಅದು ಒಂದು. 1965ರಲ್ಲಿ ಅವರು ತೀರಿಕೊಂಡರು. ಮುಂಬಯಿಯವರ ಕಣ್ಣಿಗೆ ಅವರು ಹೊರಗಿನಿಂದ ಬಂದವರು, ಆದ್ದರಿಂದ ‘ಕರ್ನಾಟಕಿ’. ಕರ್ನಾಟಕದವರಾದ ನಮ್ಮ ಕಣ್ಣಿಗೋ ಅವರು ಮುಂಬಯಿಗೆ ಹೋದವರು, ಹಿಂದಿಯವರು. ನಾಡಿನ ಹೆಸರನ್ನು ತನ್ನ ಹೆಸರಿನಲ್ಲೇ ಹೊತ್ತು ತಿರುಗಿದ ಗಾಯಕಿಯನ್ನು ಕನ್ನಡ ಓದುವವರು ತಡವಾಗಿ ಕಂಡುಕೊಳ್ಳಬೇಕಾಯಿತು. ರಹಮತ್ ತರೀಕೆರೆಯವರು ಅಮೀರಬಾಯಿಯವರ ಬಗ್ಗೆ ಪುಸ್ತಕ ಬರೆದು ಈ ಸಾಲವನ್ನು ಬಹುಮಟ್ಟಿಗೆ ತೀರಿಸಿದ್ದಾರೆ. ಅದನ್ನು ಓದಿ. ಓದಿದ ಮೇಲೆ ಹಳೆಯ ಮುದ್ರಣಗಳನ್ನು ಹುಡುಕಿ ಕೇಳಿ. ಇಂದಿನ ನುಣುಪಾದ ಧ್ವನಿಗಳಿಗೆ ಒಗ್ಗಿದ ಕಿವಿಗೆ ಆ ಧ್ವನಿ ಮೊದಲು ಸ್ವಲ್ಪ ಗಡುಸೆನಿಸಬಹುದು; ಎರಡನೆಯ ಸಲ ಕೇಳಿದಾಗ ಆ ಗಡುಸಿನಲ್ಲೇ ಒಂದು ಅಳುಕಿಲ್ಲದ ನೇರತನವಿದೆಯೆಂದು ತಿಳಿಯುತ್ತದೆ.

ಗಂಗೂಬಾಯಿ ಹಾನಗಲ್ ಅವರನ್ನು ಮರೆತುಹೋದವರ ಪಟ್ಟಿಗೆ ಸೇರಿಸಲಾಗದು. ಪದ್ಮವಿಭೂಷಣ ಪಡೆದವರು, 2009ರಲ್ಲಿ ತೀರಿಕೊಂಡಾಗ ನಾಡೇ ಕಂಬನಿ ಮಿಡಿದ ಹಿರಿಯರು. ಆದರೂ ಅವರ ಬಾಳಿನಲ್ಲಿ ಹೆಸರಿಗೆ ಸಂಬಂಧಿಸಿದ ಎರಡು ಸಂಗತಿಗಳಿವೆ. ಅವರ ಮೊದಮೊದಲ ಧ್ವನಿಮುದ್ರಣಗಳು ಹೊರಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ‘ಹಾನಗಲ್’ ಎಂಬುದಾದರೋ ತಂದೆಯ ಮನೆತನದ್ದಲ್ಲ, ಗಂಡನ ಮನೆತನದ್ದೂ ಅಲ್ಲ. ತಾಯಿಯ ಕಡೆಯ ಊರಿನದು. ಆ ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದುಸ್ತಾನಿ ಕಲಿಯಲು ಹೊರಟಾಗ, ಎರಡು ಪದ್ಧತಿಗಳು ಮಗಳ ಕಂಠದಲ್ಲಿ ಕಲಬೆರಕೆಯಾಗಬಾರದೆಂದು ಈ ತಾಯಿ ತನ್ನ ಹಾಡುಗಾರಿಕೆಯನ್ನೇ ನಿಲ್ಲಿಸಿದರು. ಮಗಳು ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆಯಾಗಿ ಜಗತ್ತಿಗೆ ಪರಿಚಿತರಾದರು. ತಾಯಿಯ ಮೌನವು ಆ ಸಂಗೀತದ ಅಡಿಪಾಯದಲ್ಲಿ ಸೇರಿಹೋಯಿತು. ಗಂಗೂಬಾಯಿಯವರು ‘ನನ್ನ ಬದುಕಿನ ಹಾಡು’ ಎಂಬ ಆತ್ಮಕಥನದಲ್ಲಿ ತಾಯಿಯನ್ನು ನೆನೆದಿರುವುದರಿಂದ ನಮಗೆ ಇಷ್ಟಾದರೂ ಗೊತ್ತಾಯಿತು. ಗಂಗೂಬಾಯಿಯವರನ್ನು ಕೇಳುವಾಗ ಅಂಬಾಬಾಯಿಯವರ ಹೆಸರನ್ನು ಒಮ್ಮೆ ಮನಸ್ಸಿನಲ್ಲಿ ಉಚ್ಚರಿಸಿ ಎಂಬುದು ನನ್ನ ವಿನಂತಿ.

ಗಡಿಯ ವಿಚಾರದಲ್ಲಿ ಗೋರಂಟ್ಲದ ಕಡೆಯ ವಿದ್ಯಾರ್ಥಿಗಳಿಗೆ ಹೆಚ್ಚು ಹತ್ತಿರವಾಗಬೇಕಾದವರು ಬೆಂಗಳೂರು ನಾಗರತ್ನಮ್ಮನವರು. ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ಬಾಳಿ ಹೆಸರಾದದ್ದು ಮದರಾಸಿನಲ್ಲಿ. ಕನ್ನಡ ನೆಲದ ಈ ಗಾಯಕಿ ತೆಲುಗು ಸಾಹಿತ್ಯಕ್ಕೆ ಮಾಡಿದ ಒಂದು ಕೆಲಸವನ್ನು ಗ್ರಂಥಸಂಪಾದನೆಯ ಪಾಠ ಕೇಳುತ್ತಿರುವ ನೀವು ಅವಶ್ಯವಾಗಿ ತಿಳಿಯಬೇಕು. ಹದಿನೆಂಟನೆಯ ಶತಮಾನದ ತಂಜಾವೂರಿನಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಕಾವ್ಯವನ್ನು ತೆಲುಗಿನಲ್ಲಿ ಬರೆದಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಅಚ್ಚಾದಾಗ ಕವಯಿತ್ರಿಯು ತನ್ನ ಬಗ್ಗೆಯೂ ತನ್ನ ವಂಶದ ಹೆಂಗಸರ ಬಗ್ಗೆಯೂ ಹೇಳಿಕೊಂಡಿದ್ದ ಪೀಠಿಕಾಪದ್ಯಗಳೇ ಬಿಟ್ಟುಹೋಗಿದ್ದವು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ದೊರಕಿಸಿಕೊಂಡು, ಬಿಟ್ಟುಹೋದ ಭಾಗಗಳನ್ನು ಸೇರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಹೊಸ ಆವೃತ್ತಿಯನ್ನು ಹೊರತಂದರು. ಹೆಂಗಸು ಬರೆದ ಶೃಂಗಾರವನ್ನು ಇನ್ನೊಬ್ಬ ಹೆಂಗಸು ಅಚ್ಚು ಹಾಕಿಸಿದ್ದು ಅಂದಿನ ದೊಡ್ಡವರಿಗೆ ಸಹ್ಯವಾಗಲಿಲ್ಲ. ಮರುವರ್ಷವೇ ಸರ್ಕಾರವು ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು ಸ್ವಾತಂತ್ರ್ಯ ಬರುವ ಹೊತ್ತಿಗೆ, ಟಂಗುಟೂರಿ ಪ್ರಕಾಶಂ ಅವರ ಅಧಿಕಾರಾವಧಿಯಲ್ಲಿ.

ಸಂಪಾದಕಿಯಾಗಿ ನಾಗರತ್ನಮ್ಮನವರು ಮಾಡಿದ್ದೇನು? ಕಾವ್ಯವನ್ನು ಉಳಿಸಿದ್ದು ಒಂದು ಕೆಲಸ. ಕಾವ್ಯಕ್ಕೆ ಕವಯಿತ್ರಿಯ ಹೆಸರನ್ನೂ ಆಕೆಯ ತಾಯಿ ಅಜ್ಜಿಯರ ಹೆಸರನ್ನೂ ಮರಳಿ ಜೋಡಿಸಿದ್ದು ಅದಕ್ಕಿಂತ ದೊಡ್ಡದು. ಪಾಠಾಂತರಗಳ ಪ್ರಶ್ನೆಯು ಅಕ್ಷರಗಳ ಪ್ರಶ್ನೆಯಷ್ಟೇ ಅಲ್ಲ, ಕೆಲವೊಮ್ಮೆ ಅದು ನ್ಯಾಯದ ಪ್ರಶ್ನೆಯೂ ಆಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅವರ ಇನ್ನೊಂದು ಸಾಧನೆ ತಿರುವಯ್ಯಾರಿನದು. ತ್ಯಾಗರಾಜರ ಸಮಾಧಿ ಹಾಳುಬಿದ್ದಿದ್ದಾಗ ನಾಗರತ್ನಮ್ಮನವರು ತಮ್ಮ ಗಳಿಕೆಯನ್ನು ಸುರಿದು ಅಲ್ಲಿ ಗುಡಿ ಕಟ್ಟಿಸಿದರು; ಪ್ರತಿಷ್ಠೆಯೂ ನಡೆಯಿತು. ಆದರೆ ಆರಾಧನೆಯ ವೇದಿಕೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಗುಡಿ ಕಟ್ಟಿಸಿದವಳಿಗೇ ಹಾಡುವ ಹಕ್ಕಿಲ್ಲ. ಅವರು ಬೇಡಿಕೊಂಡು ಸುಮ್ಮನಾಗದೆ, 1927ರಲ್ಲಿ ಹೆಂಗಸರದೇ ಒಂದು ಪಂಗಡ ಕಟ್ಟಿ ಗುಡಿಯ ಹಿಂಭಾಗದಲ್ಲಿ ತಮ್ಮ ಆರಾಧನೆಯನ್ನು ತಾವೇ ನಡೆಸಿದರು. ಮುಂದಿನ ದಶಕದ ಕೊನೆಯ ಹೊತ್ತಿಗೆ ಪಂಗಡಗಳು ಒಂದಾಗತೊಡಗಿ ಹೆಂಗಸರಿಗೂ ವೇದಿಕೆ ದೊರೆಯಿತು. ಯಾರ ಹಂಗೂ ಇಲ್ಲದೆ ಸ್ವಂತ ವೇದಿಕೆ ಕಟ್ಟಿಕೊಂಡು ಹಾಡುವುದೇ ‘ಇಂಡಿ’ ಎಂಬುದಾದರೆ, ಆ ಮಾತು ಹುಟ್ಟುವ ಮೊದಲೇ ಅದನ್ನು ಮಾಡಿ ತೋರಿಸಿದವರು ಇವರು. ಕನ್ನಡ ನಾಡಿನಲ್ಲಿ ಹುಟ್ಟಿ, ತೆಲುಗು ಕಾವ್ಯವನ್ನು ಸಂಪಾದಿಸಿ, ತಮಿಳು ನೆಲದಲ್ಲಿ ತೆಲುಗು ವಾಗ್ಗೇಯಕಾರನಿಗೆ ಗುಡಿ ಕಟ್ಟಿಸಿದ ಈ ಗಾಯಕಿಯನ್ನು ಯಾವ ಭಾಷೆಯ ಸಾಹಿತ್ಯಚರಿತ್ರೆಯಲ್ಲಿ ಇರಿಸಬೇಕು? ಒಂದರಲ್ಲಿಯೂ ಜಾಗ ಸಾಲದೆ ಹೋದದ್ದರಿಂದಲೇ ಅವರು ಎಲ್ಲದರ ಅಂಚಿನಲ್ಲಿ ಉಳಿದರು.

ಹೆಸರು ಬೀಳುವ ಮೂರನೆಯ ಜಾಗ, ನಮ್ಮ ಅಧ್ಯಯನಶಿಸ್ತಿಗೆ ಸೇರಿದ್ದು. ಆದ್ದರಿಂದ ನಾವು ಹೆಚ್ಚು ಎಚ್ಚರವಾಗಿರಬೇಕಾದದ್ದು. ಅದು ‘ಜಾನಪದ’ ಎಂಬ ಮಾತು. 1931ರಲ್ಲಿ ಹಲಸಂಗಿ ಗೆಳೆಯರು ಹೊರತಂದ ‘ಗರತಿಯ ಹಾಡು’ ಕನ್ನಡದ ಹೆಮ್ಮೆಯ ಪುಸ್ತಕ. ಸಂಗ್ರಹಿಸಿದ ಗೆಳೆಯರ ಹೆಸರುಗಳು ನಮಗೆ ಬಾಯಿಪಾಠ. ಪರೀಕ್ಷೆಯಲ್ಲಿ ಪ್ರಶ್ನೆಯಾಗಿಯೂ ಬರುತ್ತವೆ. ಅವರ ಶ್ರಮಕ್ಕೆ ತಲೆಬಾಗಲೇಬೇಕು. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತು ಆ ತ್ರಿಪದಿಗಳನ್ನು ಹಾಡಿದವರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ‘ಗರತಿ’ ಎಂಬುದು ಗುಣವಾಚಕ, ಗೌರವದ ಮಾತೇ ಹೌದು. ಆದರೆ ಅದು ಯಾರ ಹೆಸರೂ ಅಲ್ಲ. ಸಂಚಿಯ ಹೊನ್ನಮ್ಮನಿಗಾದರೂ ಊಳಿಗದ ಜೊತೆಗೆ ಹೆಸರು ಉಳಿಯಿತು. ಬೀಸುಕಲ್ಲಿನ ಮುಂದಿನ ಹೊನ್ನಮ್ಮಂದಿರಿಗೆ ಅದೂ ಉಳಿಯಲಿಲ್ಲ.

ಬೇರೆ ರೀತಿಯಲ್ಲಿಯೂ ಈ ಕೆಲಸ ಮಾಡಬಹುದೆಂಬುದಕ್ಕೆ ಮರಾಠಿಯಲ್ಲಿ ಒಂದು ಮಾದರಿಯಿದೆ. ಹೇಮಾ ರಾಯರ್‌ಕರ್ ಮತ್ತು ಗಿ ಪ್ವಾತ್ವಾ ಎಂಬ ಇಬ್ಬರು ವಿದ್ವಾಂಸರು ತಮ್ಮ ಸಂಗಡಿಗರೊಡನೆ ಮಹಾರಾಷ್ಟ್ರದ ಸಾವಿರಕ್ಕೂ ಹೆಚ್ಚು ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮೀರಿದ ಬೀಸುಕಲ್ಲಿನ ಓವಿಗಳನ್ನು ಕಲೆಹಾಕಿದರು. ಅದರ ವಿಶೇಷ ಸಂಖ್ಯೆಯಲ್ಲಷ್ಟೇ ಇಲ್ಲ. ಹಾಡಿದ ಹೆಂಗಸಿನ ಹೆಸರು ಮತ್ತು ಊರನ್ನು ಹಾಡಿನ ಜೊತೆಗೇ ಬರೆದಿಟ್ಟಿರುವುದರಲ್ಲಿದೆ. ಗ್ರಾಮೀಣ ಭಾರತದ ಸುದ್ದಿಗಳನ್ನು ದಾಖಲಿಸುವ ‘ಪರಿ’ ಸಂಸ್ಥೆ ಈಗ ಅವನ್ನು ಅಂತರ್ಜಾಲದಲ್ಲಿ ಧ್ವನಿ ಸಮೇತ ಪ್ರಕಟಿಸುತ್ತಿದೆ. ಮರಾಠಿ ತಿಳಿಯದವರೂ ಒಮ್ಮೆ ಕೇಳಿ. ನಮ್ಮ ಬೀಸುವ ಪದಗಳ ಅಕ್ಕತಂಗಿಯರು ಅವು ಎಂಬುದು ಭಾಷೆಯ ನೆರವಿಲ್ಲದೆಯೂ ತಿಳಿದೀತು.

ನಮ್ಮ ಸುತ್ತಲ ಸೀಮೆಯಲ್ಲಿಯೇ ಹೆಸರಿನೊಡನೆ ಉಳಿದ ಇಬ್ಬರು ಮಹಾಗಾಯಕಿಯರಿದ್ದಾರೆ. ಒಬ್ಬರು ಬಳ್ಳಾರಿ ಸೀಮೆಯ ದರೋಜಿ ಈರಮ್ಮ. ಬುಡ್ಗ ಜಂಗಮ ಸಮುದಾಯಕ್ಕೆ ಸೇರಿದ ಅವರ ಮನೆಮಾತು ತೆಲುಗು; ಬುರ್ರಕಥೆಯನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಹಾಡುತ್ತಿದ್ದರು. ಅಕ್ಷರ ಕಲಿಯದ ಅವರ ನೆನಪಿನಲ್ಲಿ ಕುಮಾರರಾಮನ ಕಥೆಯೂ ಸೇರಿದಂತೆ ಹನ್ನೆರಡು ದೀರ್ಘ ಕಥನಕಾವ್ಯಗಳಿದ್ದವು. ಅವು ಬರಹಕ್ಕಿಳಿದು ಅಚ್ಚಾಗಿವೆ. ರಾಜ್ಯೋತ್ಸವ ಪ್ರಶಸ್ತಿಯೂ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಅವರಿಗೆ ಸಂದವು. 2014ರಲ್ಲಿ ಅವರು ತೀರಿಕೊಂಡರು. ರಾಯದುರ್ಗ, ಕಲ್ಯಾಣದುರ್ಗದ ಕಡೆಯವರಾದ ನಿಮ್ಮ ಮನೆಗಳಲ್ಲಿ ಬುರ್ರಕಥೆ ಕೇಳಿದ ಹಿರಿಯರು ಇದ್ದೇ ಇರುತ್ತಾರೆ. ಇನ್ನೊಬ್ಬರು ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿಯ ಸಿರಿಯಜ್ಜಿ. ಆಕೆಯ ಹಾಡುಗಳ ಭಂಡಾರವನ್ನು ಕನ್ನಡದ ಓದುಗರಿಗೆ ತೆರೆದವರು ಕೃಷ್ಣಮೂರ್ತಿ ಹನೂರು. ಈ ಇಬ್ಬರ ವಿಷಯದಲ್ಲಿ ಸಂಗ್ರಾಹಕರು ಗಾಯಕಿಯನ್ನೇ ಮುಂದೆ ನಿಲ್ಲಿಸಿದರು. ಆದ್ದರಿಂದಲೇ ಹೆಸರುಗಳು ನಮ್ಮವರೆಗೆ ಬಂದವು.

ಈಗ ನಿಮ್ಮ ಮೆಚ್ಚಿನ ರಾಕ್ ಸಂಗೀತಕ್ಕೆ ಬರುತ್ತೇನೆ. ಅದರ ಬೇರಿನಲ್ಲಿಯೂ ಇದೇ ಕಥೆಯಿದೆ. ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಕಪ್ಪು ಅಮೆರಿಕನ್ ಗಾಯಕಿ 1930 ಮತ್ತು 40ರ ದಶಕಗಳಲ್ಲಿಯೇ ಚರ್ಚಿನ ಭಕ್ತಿಗೀತೆಗಳನ್ನು ವಿದ್ಯುತ್ ಗಿಟಾರಿನೊಡನೆ ಹಾಡಿ, ಮುಂದೆ ರಾಕ್ ಎನಿಸಿಕೊಂಡ ಶೈಲಿಗೆ ದಾರಿ ಮಾಡಿದರು. ಎಲ್ವಿಸ್ ಪ್ರೀಸ್ಲಿ, ಚಕ್ ಬೆರಿ ಮೊದಲಾದವರ ಮೇಲೆ ಆಕೆಯ ಪ್ರಭಾವವಿದೆ. ಬಿಗ್ ಮಾಮಾ ಥಾರ್ನ್‌ಟನ್ ಎಂಬ ಇನ್ನೊಬ್ಬ ಗಾಯಕಿ 1952ರಲ್ಲಿ ಹಾಡಿ ಮುದ್ರಿಸಿದ ಹಾಡೊಂದನ್ನು 1956ರಲ್ಲಿ ಎಲ್ವಿಸ್ ಹಾಡಿದಾಗ ಜಗತ್ತು ಅದನ್ನು ಎಲ್ವಿಸ್‌ನ ಹಾಡೆಂದೇ ಕರೆಯಿತು. ಥಾರ್ಪ್ 1973ರಲ್ಲಿ ತೀರಿಕೊಂಡ ಮೇಲೆ ದಶಕಗಳ ಕಾಲ ಅವರ ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ. ಅಭಿಮಾನಿಗಳು ಹಣ ಕೂಡಿಸಿ ಕಲ್ಲು ನಿಲ್ಲಿಸಿದ್ದು ಈ ಶತಮಾನದಲ್ಲಿ. 2018ರಲ್ಲಿ ರಾಕ್ ಸಂಗೀತದ ಗೌರವಪಟ್ಟಿಗೆ ಅವರ ಹೆಸರು ಸೇರಿತು. ಥಾರ್ಪ್ ಹಾಡುತ್ತ ಗಿಟಾರು ನುಡಿಸುವ ಹಳೆಯ ಚಲನಚಿತ್ರ ತುಣುಕುಗಳು ಸಿಗುತ್ತವೆ, ನೋಡಿ. ನಿಮ್ಮ ಮೆಚ್ಚಿನ ತಂಡಗಳ ಗಿಟಾರಿಗೆ ಅಜ್ಜಿಯೊಬ್ಬಳು ಇದ್ದಳೆಂದು ಮನವರಿಕೆಯಾಗುತ್ತದೆ.

ಇಂದಿನ ಕನ್ನಡದ ಸ್ವತಂತ್ರ ಸಂಗೀತದಲ್ಲಿ ನನಗೆ ಮೆಚ್ಚಿಕೆಯಾದ ಇಬ್ಬರನ್ನು ಹೆಸರಿಸುತ್ತೇನೆ. ಬಿಂದುಮಾಲಿನಿಯವರು ಕರ್ನಾಟಕ ಮತ್ತು ಹಿಂದುಸ್ತಾನಿ ಎರಡರ ಅಭ್ಯಾಸವುಳ್ಳವರು. ವೇದಾಂತ್ ಭಾರದ್ವಾಜರೊಡನೆ ಕಬೀರನ ಪದಗಳನ್ನು ಹಾಡುತ್ತ ಊರೂರು ತಿರುಗಿದವರು. ‘ನಾತಿಚರಾಮಿ’ ಕನ್ನಡ ಚಿತ್ರದ ಹಾಡಿಗಾಗಿ ಅವರಿಗೆ 2018ನೇ ಸಾಲಿನ ರಾಷ್ಟ್ರೀಯ ಪ್ರಶಸ್ತಿ ಬಂತು. ಪ್ರಶಸ್ತಿಯ ಹಾಡಿನಿಂದ ಆರಂಭಿಸಿ. ಅಲ್ಲಿಗೇ ನಿಲ್ಲದೆ ಅವರ ಕಬೀರನ ಹಾಡುಗಳ ಕಡೆಗೆ ಹೋಗಿ. ಅಲ್ಲಿ ಧ್ವನಿಯು ಸ್ವರದ ಸೊಗಸನ್ನು ತೋರಿಸಲು ನಿಲ್ಲುವುದಿಲ್ಲ, ಮಾತಿನ ಅರ್ಥದ ಹಿಂದೆ ನಡೆಯುತ್ತದೆ. ಎಂ.ಡಿ. ಪಲ್ಲವಿಯವರನ್ನು ಭಾವಗೀತೆಗಳಿಂದ ಬಲ್ಲಿರಿ. ಅವರು ಒಬ್ಬರೇ ನಿಂತು ಅಭಿನಯಿಸಿದ ‘ಸಿ ಶಾರ್ಪ್ ಸಿ ಬ್ಲಂಟ್’ ಎಂಬ ರಂಗಪ್ರಯೋಗದ ಬಗ್ಗೆ ಬಹುಶಃ ಕೇಳಿಲ್ಲ. ಗಾಯಕಿಯೊಬ್ಬಳು ಮೊಬೈಲಿನ ಆ್ಯಪ್ ಆಗಿಬಿಟ್ಟಿದ್ದಾಳೆ. ಬಳಸುವವನ ಇಷ್ಟದಂತೆ ಆಕೆಯ ಹಾಡು, ಹಾವಭಾವ ಬದಲಾಗಬೇಕು ಎಂಬುದು ಅದರ ಕಲ್ಪನೆ. ಬೆರಳ ತುದಿಯಲ್ಲಿ ಎಲ್ಲ ಹಾಡೂ ಸಿಗುವ ಕಾಲದಲ್ಲಿ ಹಾಡಿದಾಕೆ ಯಾರೆಂಬುದು ಯಾರಿಗೂ ಬೇಡವಾಗುತ್ತದೆ ಎಂಬ ನನ್ನ ಕಳವಳವನ್ನು ಆ ಪ್ರಯೋಗ ನನಗಿಂತ ಮೊದಲೇ, ನನಗಿಂತ ಚೆನ್ನಾಗಿ ಹೇಳಿದೆ.

ಇದಕ್ಕೆ ಆಕ್ಷೇಪಗಳು ಬರಬಹುದು. ಸಂಗೀತಕ್ಕೆ ಹೆಣ್ಣುಗಂಡೆಂಬ ಭೇದವೇಕೆ, ಚೆನ್ನಾಗಿದ್ದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಚೆನ್ನಾಗಿದ್ದರೆ ಸಾಕು ಎಂಬ ನಿಯಮವನ್ನು ಚರಿತ್ರೆಯು ಪಾಲಿಸಿದ್ದರೆ ಈ ಲೇಖನವೇ ಬೇಕಿರಲಿಲ್ಲ. ತಿರುವಯ್ಯಾರಿನಲ್ಲಿ ನಾಗರತ್ನಮ್ಮನವರನ್ನು ತಡೆದದ್ದು ಅವರ ಶ್ರುತಿಶುದ್ಧಿಯ ಕಾರಣಕ್ಕಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಜನಪದ ಗೀತೆ ಸಮುದಾಯದ ಸೃಷ್ಟಿ. ಅದಕ್ಕೆ ವ್ಯಕ್ತಿಯ ಹೆಸರು ಹಚ್ಚುವುದು ಅದರ ಸ್ವಭಾವಕ್ಕೇ ವಿರುದ್ಧವಲ್ಲವೆ ಎಂಬುದು. ಹಾಡು ಸಮುದಾಯದ್ದೆಂಬುದು ನಿಜ. ಆದರೆ ಸಮುದಾಯಕ್ಕೆ ಗಂಟಲಿಲ್ಲ. ಹಾಡುವುದು ಒಬ್ಬೊಬ್ಬರ ಗಂಟಲು. ಒಂದೇ ಕುಮಾರರಾಮನ ಕಥೆಯನ್ನು ಹತ್ತು ಮಂದಿ ಹಾಡಬಹುದು. ಈರಮ್ಮನವರು ಎಲ್ಲಿ ನಿಲ್ಲಿಸುತ್ತಾರೆ, ಯಾವ ಮಾತನ್ನು ಎರಡು ಸಲ ಹೇಳುತ್ತಾರೆ, ಎಲ್ಲಿ ಕೇಳುಗರನ್ನು ಅಳಿಸುತ್ತಾರೆ ಎಂಬುದು ಈರಮ್ಮನವರದೇ ವಿದ್ಯೆ. ಪಂಪನೂ ವ್ಯಾಸರ ಕಥೆಯನ್ನೇ ಹೇಳಿದವನು. ಅದಕ್ಕಾಗಿ ಪಂಪನ ಹೆಸರನ್ನು ನಾವು ಅಳಿಸಿಲ್ಲ.

ಈ ವಿಚಾರವನ್ನು ಗಡಿಭಾಗದ ವಿದ್ಯಾರ್ಥಿಗಳ ಮುಂದೆ ಇಡಲು ನನಗೆ ಬಲವಾದ ಕಾರಣವೊಂದಿದೆ. ಎರಡು ಭಾಷೆಗಳ ನಡುವೆ ಬೆಳೆದವರನ್ನು ಎರಡೂ ಕಡೆಯ ಪಟ್ಟಿಗಳು ಬಿಟ್ಟುಬಿಡುವುದುಂಟು. ಆಚೆಯವರಿಗೆ ನೀವು ಕನ್ನಡದವರು, ಈಚೆಯವರಿಗೆ ಆಂಧ್ರದವರು. ನಾನು ಬೆಳೆದ ಸೀಮೆಯಲ್ಲಿಯೂ ಹೀಗೆಯೇ. ಮರಾಠಿ ಗೆಳೆಯರಿಗೆ ನಾವು ಕಾನಡಿಗಳು, ಧಾರವಾಡದ ಕಡೆಯವರಿಗೆ ಮರಾಠಿಗರು. ಈ ಅನುಭವವು ಒಂದು ಕೊರತೆಯೆಂದು ಬಹಳ ಮಂದಿ ನಿಮಗೆ ಹೇಳಿರಬಹುದು. ನನ್ನ ಮಾತು ಬೇರೆ. ನಾಗರತ್ನಮ್ಮನವರ ತೆಲುಗು ಪೀಠಿಕೆಯನ್ನು ಮೂಲದಲ್ಲಿ ಓದಿ, ಅವರ ಕನ್ನಡ ಬೇರನ್ನೂ ಬಲ್ಲವರು ಬೇಕು. ಈರಮ್ಮನವರ ಹಾಡಿನಲ್ಲಿ ತೆಲುಗು ಎಲ್ಲಿ ಮುಗಿದು ಕನ್ನಡ ಎಲ್ಲಿ ಆರಂಭವಾಗುತ್ತದೆಂದು ಕಿವಿಯಿಂದಲೇ ಹಿಡಿಯಬಲ್ಲವರು ಬೇಕು. ಬೆಂಗಳೂರು, ಧಾರವಾಡಗಳ ತರಗತಿಗಳಲ್ಲಿ ಅಂಥವರು ಸುಲಭವಾಗಿ ಸಿಗರು. ನಿಮ್ಮ ತರಗತಿಯಲ್ಲಿ ಸಾಲುಸಾಲಾಗಿ ಕುಳಿತಿದ್ದೀರಿ.

ಆದ್ದರಿಂದ ಒಂದು ಕೆಲಸವನ್ನು ಸೂಚಿಸುತ್ತೇನೆ. ಅಂಕಗಳಿಗಾಗಿ ಅಲ್ಲ, ವಿಭಾಗದ ಸಂಗ್ರಹಕ್ಕಾಗಿ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಹಾಡುವ ಹೆಂಗಸರು ಇದ್ದಾರೆ. ಸೋಬಾನೆ, ನಾಟಿ ಹಾಡು, ಲಾಲಿ, ಭಜನೆ, ಬುರ್ರಕಥೆಯ ತುಣುಕು, ಏನಾದರೂ ಸರಿ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿಯೇ ಒಂದು ಹಾಡನ್ನು ಮುದ್ರಿಸಿಕೊಳ್ಳಿ. ಅದರೊಡನೆ ಐದು ಸಂಗತಿಗಳನ್ನು ಬರೆಯಿರಿ: ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡುತ್ತಾರೆ, ಯಾವ ಭಾಷೆ ಅಥವಾ ಭಾಷೆಗಳು. ಕಲಿಸಿದವರ ಹೆಸರನ್ನು ಕೇಳಲು ಮರೆಯಬೇಡಿ. ಅಲ್ಲಿ ಇನ್ನೊಬ್ಬ ಅಂಬಾಬಾಯಿ ಇದ್ದಾರು. ಹೆಸರು ಬೇಡವೆಂದು ಯಾರಾದರೂ ಹೇಳಿದರೆ ಅದನ್ನು ಮನ್ನಿಸಿ. ಹೆಸರನ್ನು ಕೊಡುವುದೂ ಬಿಡುವುದೂ ಅವರ ಹಕ್ಕು. ಕೇಳದೆಯೇ ಬಿಟ್ಟುಬಿಡುವುದಕ್ಕೂ, ಕೇಳಿ ಬಿಡುವುದಕ್ಕೂ ವ್ಯತ್ಯಾಸವಿದೆ. ಕನ್ನಡದ ಹಾಡು ಮಾತ್ರವೇ ಆಗಬೇಕೆಂಬ ನಿರ್ಬಂಧವಿಲ್ಲ. ಅಜ್ಜಿ ತೆಲುಗಿನಲ್ಲಿ ಹಾಡಿದರೆ ತೆಲುಗಿನಲ್ಲಿಯೇ ತನ್ನಿ. ಲಿಪ್ಯಂತರ ಮಾಡಿ, ಕನ್ನಡದಲ್ಲಿ ಅರ್ಥ ಬರೆಯಿರಿ. ಅದೂ ಐಚ್ಛಿಕ ಕನ್ನಡದ ಅಭ್ಯಾಸವೇ.

ಇಷ್ಟು ಮಾಡಿದ ಮೇಲೆ ನಿಮ್ಮ ಮೊಬೈಲಿನಲ್ಲಿ ಗಿಟಾರಿನ ಹಾಡುಗಳ ಪಕ್ಕದಲ್ಲಿ ಊರಿನ ಒಬ್ಬ ಹೆಂಗಸಿನ ಹಾಡು ಹೆಸರಿನೊಡನೆ ಇರುತ್ತದೆ. ಬಂದ ಮುದ್ರಣಗಳನ್ನು ವಿಭಾಗದ ಗಣಕದಲ್ಲಿ ಹಾಡುಗಾರ್ತಿಯರ ಹೆಸರಿನ ಅಕಾರಾದಿಯಲ್ಲಿ ಜೋಡಿಸಿಡುತ್ತೇವೆ. ಸಂಗ್ರಹಿಸಿದ ವಿದ್ಯಾರ್ಥಿಯ ಹೆಸರೂ ಇರುತ್ತದೆ, ಎರಡನೆಯ ಸಾಲಿನಲ್ಲಿ.